ಸಾರ್ಜೆಂಟ್ ಟ್ಯಾಡ್ಲಾಕ್ ಕಾಯ್ದ ಹಳದಿ ಗೆರೆ

ಆರ್ಲೋ ಟ್ಯಾಡ್ಲಾಕ್ ದಿನನಿತ್ಯಕ್ಕೆ ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿಗಾರ. ತಿಂಗಳಿಗೊಂದು ಶನಿವಾರ, ಭಾನುವಾರ ಮಾತ್ರ ಅಮೆರಿಕದ ರಾಜ್ಯಗಳ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಪಡೆಯ ಸಾರ್ಜೆಂಟ್. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಅವನು ಎದುರಿಸಿದ ಘೋರ ಶತ್ರುಗಳೆಂದರೆ ಎರಡು ನೆರೆ, ಒಂದು ಹಿಮಪಾತ, ಮತ್ತು ಶಿಬಿರದ ಬೀನ್ಸ್.

ಇಂಥ ವೀರನಿಗೆ ಐವತ್ತೊಂದನೇ ವಯಸ್ಸಿನಲ್ಲಿ ರಣರಂಗ ಒದಗಿತು, ಅದೂ ಸ್ವಂತ ಊರಲ್ಲೇ. ಕೇಂದ್ರ ಸರ್ಕಾರದ ವಿರುದ್ಧ ಪ್ರತಿಭಟನೆ ಜೋರಾಗಿತ್ತು. ಗವರ್ನರ್ ಬೇಡವೆಂದರೂ ಅಧ್ಯಕ್ಷರು ಗಾರ್ಡನ್ನು ತಮ್ಮ ಅಧೀನಕ್ಕೆ ತೆಗೆದುಕೊಂಡು ಕೇಂದ್ರ ಸರ್ಕಾರದ ಕಟ್ಟಡದ ಮುಂದೆ ನಿಲ್ಲಿಸಿದರು. ಗವರ್ನರ್ ಕೋರ್ಟಿಗೆ ಹೋದರು. ಆರ್ಲೋ ಫುಟ್‌ಪಾತಿಗೆ ಹೋದ.

ಹೋಗುವ ಮುನ್ನ ಎಲ್ಲರಿಗೂ ಪ್ಲಾಸ್ಟಿಕ್ ಹೊದಿಸಿದ ಒಂದೊಂದು ಕಾರ್ಡ್ ಸಿಕ್ಕಿತು. ಅದರಲ್ಲಿದ್ದದ್ದು ಇಷ್ಟು: ಸೈನಿಕನು ಪೊಲೀಸನಲ್ಲ, ಕಟ್ಟಡ ಕಾಯಬಹುದು, ಆದರೆ ಜನರನ್ನು ಬಂಧಿಸುವಂತಿಲ್ಲ, ಜೇಬು ತಡಕುವಂತಿಲ್ಲ, ಬೆನ್ನಟ್ಟುವಂತಿಲ್ಲ. ಆರ್ಲೋ ಇದನ್ನು ಎಷ್ಟು ಭಕ್ತಿಯಿಂದ ಬಾಯಿಪಾಠ ಮಾಡಿದನೆಂದರೆ ಪಡೆಯವರು ಅವನನ್ನು ‘ಜಡ್ಜ್ ಸಾಹೇಬರು’ ಎಂದು ಕರೆಯತೊಡಗಿದರು.

ಫುಟ್‌ಪಾತಿನ ಅಂಚಿಗೆ ಹಳದಿ ಗೆರೆ ಎಳೆದಿದ್ದರು; ಗಾರ್ಡ್ ಕಾಯುವ ಜಾಗ ಅಲ್ಲಿಗೆ ಮುಗಿಯುತ್ತಿತ್ತು. ಮೂರನೇ ದಿನ ಯಾರೋ ಬಣ್ಣ ಎಸೆದರು. ಲೆಫ್ಟಿನೆಂಟರ ಹೆಲ್ಮೆಟ್ ನೀಲಿಯಾಯಿತು.

“ಹಿಡೀರಿ ಅವನನ್ನ!”

“ಸರ್, ನಾವು ಹಿಡಿಯೋ ಹಾಗಿಲ್ಲ. ಗೆರೆ ದಾಟಿದ್ರೆ ಕಾನೂನು ಮುರಿದೋರು ನಾವಾಗ್ತೀವಿ. ಪೊಲೀಸ್ರಿಗೆ ಹೇಳೋಣ,” ಎಂದ ಆರ್ಲೋ.

ಲೆಫ್ಟಿನೆಂಟ್ ಹಲ್ಲು ಕಡಿಯುತ್ತಾ ಹೆಲ್ಮೆಟ್ ಒರೆಸಿಕೊಂಡರು. ಗುಂಪು ಚಪ್ಪಾಳೆ ತಟ್ಟಿತು. ಅದರ ನಡುವೆ, ಕೈಯಲ್ಲೊಂದು ರಟ್ಟಿನ ಫಲಕ ಹಿಡಿದು, ಶಾಲೆಯಲ್ಲಿ ಅವನಿಗೆ ಪೌರನೀತಿ ಕಲಿಸಿದ್ದ ಎಪ್ಪತ್ತೆಂಟರ ಅಡೆಲ್ ಪ್ರೂಯಿಟ್ ನಿಂತಿದ್ದರು.

“ಏ ಆರ್ಲೋ! ಇದೇ ಪ್ರಶ್ನೆಗೆ ನನ್ನ ಪರೀಕ್ಷೇಲಿ ಸೊನ್ನೆ ತಗೊಂಡಿದ್ದೆಯಲ್ಲೋ!”

“ಈಗ ತಿದ್ದಿ ಕೊಡಿ, ಟೀಚರ್!”

ಆ ದಿನ ಆರ್ಲೋನ ಉಬ್ಬಿದ ಎದೆ ಸಮವಸ್ತ್ರದ ಗುಂಡಿಗಳಿಗೆ ದೊಡ್ಡ ಪರೀಕ್ಷೆಯಾಗಿತ್ತು.

ಮರುದಿನ ನೂಕುನುಗ್ಗಲಾಯಿತು. ಪ್ರೂಯಿಟ್ ಟೀಚರ್ ಗೆರೆಯಿಂದ ಎರಡೇ ಹೆಜ್ಜೆ ಆಚೆ ಬಿದ್ದರು. ಆರ್ಲೋನ ಎಡಗಾಲು ಮೇಲೆದ್ದಿತು. ಅವನು ಗೆರೆ ನೋಡಿದ, ಮನಸ್ಸಿನಲ್ಲೇ ಕಾರ್ಡ್ ಓದಿಕೊಂಡ, ಕಾಲನ್ನು ಇದ್ದಲ್ಲೇ ಇಟ್ಟ. ಅವರು ತಮ್ಮದೇ ಫಲಕದ ಪಕ್ಕದಲ್ಲಿ ನರಳುತ್ತಾ ಮಲಗಿದ್ದರು. ಜನ ದಾರಿ ಬಿಡಿಸಿಕೊಂಡು ಬಂದು ಎತ್ತುವಷ್ಟರಲ್ಲಿ ಇನ್ಯಾರದೋ ಬೂಟು ಅವರ ಸೊಂಟದ ಮೇಲೆ ಹಾದುಹೋಗಿತ್ತು.

ಊಟದ ಬಿಡುವಿನಲ್ಲಿ ಸ್ಯಾಂಡ್‌ವಿಚ್ ತೆಗೆಯುವಾಗ ಜೇಬಿನಿಂದ ಕಾರ್ಡ್ ಜಾರಿ ಮಗುಚಿ ಬಿತ್ತು. ಹಿಂಬದಿಯಲ್ಲೂ ಅಕ್ಷರಗಳಿದ್ದವು: ‘ಗಾಯಗೊಂಡವರಿಗೆ ತಕ್ಷಣ ನೆರವಾಗಿ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.’ ಯಂತ್ರ ಕೆಡಿಸಿಕೊಂಡು ಬಂದ ಗಿರಾಕಿಗಳನ್ನೆಲ್ಲ “ಯಂತ್ರದ ಜೊತೆ ಕೊಟ್ಟ ಪುಸ್ತಕ ಪೂರ್ತಿ ಓದೋಕೆ ಏನು ರೋಗ?” ಎಂದು ಬೈಯುತ್ತಿದ್ದವನು ಸ್ಯಾಂಡ್‌ವಿಚ್ಚನ್ನು ಹಾಗೇ ಸುತ್ತಿಟ್ಟ.

ಆರು ವಾರಗಳ ನಂತರ, ಪಡೆಯನ್ನು ಕರೆಸಿದ್ದೇ ಕಾನೂನುಬಾಹಿರ ಎಂದು ನ್ಯಾಯಾಧೀಶರು ಹೇಳಿದರು. ಎಲ್ಲರೂ ಮನೆಗೆ ಬಂದರು. ಆರ್ಲೋ ನೇರವಾಗಿ ಟೀಚರ ಮನೆಗೆ ಹೋದ. ಅವರು ನಾಲ್ಕು ಕಾಲಿನ ಊರುಗೋಲು ಹಿಡಿದು ಅಡುಗೆಮನೆಯವರೆಗೆ ನಡೆಯುವುದನ್ನು ಕಲಿಯುತ್ತಿದ್ದರು.

“ಟೀಚರ್, ಅವತ್ತು ನಾನು...”

“ಸುಮ್ಮನಿರೋ. ನಿನ್ನ ಕಾಲು ಎದ್ದದ್ದೂ ನೋಡಿದೆ, ವಾಪಸ್ ಇಳಿದದ್ದೂ ನೋಡಿದೆ. ಸ್ವಂತ ಟೀಚರ್ ಬಿದ್ರೂ ನೀನು ಕಾನೂನು ಬಿಡಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದಕ್ಕೆ ಒಬ್ಬನಾದ್ರೂ ಕಲಿತ! ಆ ಕಾರ್ಡ್ ಇದೆಯೇನೋ? ಕೊಡು ಇಲ್ಲಿ.”

ಕೊಟ್ಟ. ಟೀಚರ್ ಮುಂಬದಿಯನ್ನು ಗಟ್ಟಿಯಾಗಿ ಓದಿ, ಫ್ರಿಜ್ ಬಾಗಿಲಿಗೆ ಆಯಸ್ಕಾಂತದ ಬಿಲ್ಲೆ ಒತ್ತಿ ಅಂಟಿಸಿದರು.

“ಬಂದೋರಿಗೆಲ್ಲ ತೋರಿಸ್ತೀನಿ. ಹೋಗು, ನಿನಗೆ ನೂರಕ್ಕೆ ನೂರು.”

ಈಗ ಗಾರ್ಡ್ ಕೆಲಸವಿಲ್ಲದ ಪ್ರತಿ ಶನಿವಾರ ಆರ್ಲೋ ಟೀಚರ ಅಂಗಳದ ಹುಲ್ಲು ಕತ್ತರಿಸುತ್ತಾನೆ. ಕೆಲಸ ಮುಗಿದ ಮೇಲೆ ಟೀಚರ್ ಕೂತಲ್ಲಿಂದಲೇ ಕೂಗುತ್ತಾರೆ: “ಲೆಮನೇಡ್ ಫ್ರಿಜ್‌ನಲ್ಲಿದೆ, ತಗೊಳ್ಳೋ!” ಆರ್ಲೋ ಫ್ರಿಜ್ ಮುಂದೆ ನಿಲ್ಲುತ್ತಾನೆ. ಕಾರ್ಡನ್ನು ಮಗುಚಿಡಲೆಂದು ಬಲಗೈ ಅದರವರೆಗೂ ಏಳುತ್ತದೆ. ಬಿಲ್ಲೆಯ ಮೇಲೆ ಎರಡು ಬೆರಳು ಇಡುತ್ತಾನೆ. ಆಮೇಲೆ ಬಾಗಿಲು ತೆರೆದು, ಎರಡು ಲೋಟ ತುಂಬಿಸಿಕೊಂಡು ಹೊರಗೆ ಬರುತ್ತಾನೆ.