ಹೋದ ವರ್ಷದ್ದಕ್ಕೆ ನಾಲ್ಕು ಕೂಡಿಸಿ

ಶಾಲೆಯಲ್ಲಿ ಆಟದ ಪೀರಿಯಡ್ ಎಂದರೆ ಹೇಳೋರು ಕೇಳೋರು ಇಲ್ಲದ ಆಸ್ತಿ. ಯಾರು ಬೇಕಾದರೂ ಕೈ ಹಾಕಬಹುದು. ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ಇಣುಕಿ, “ಮೇಡಂ, ಪೋರ್ಷನ್ ಮುಗಿದಿಲ್ಲ. ಇವತ್ತೊಂದಿನ ನಿಮ್ಮ ಪೀರಿಯಡ್ ಕೊಟ್ಬಿಡಿ” ಎನ್ನುತ್ತಾರೆ. ಆ ‘ಇವತ್ತೊಂದಿನ’ ಶುರುವಾಗಿ ಮೂರು ವರ್ಷ ಕಳೆಯಿತು. ಪುಣ್ಯಾತ್ಮರ ಪೋರ್ಷನ್ ಇನ್ನೂ ಮುಗಿದಿಲ್ಲ.

ಹೀಗೆ ಪೀರಿಯಡ್ ಕಳೆದುಕೊಂಡು ಕೂತವಳು ಸೀಟಿ ಮೇಡಂ. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಮಕ್ಕಳು ಇಟ್ಟ ಹೆಸರು. ಓದುವ ಕಾಲಕ್ಕೆ ಉದ್ದಜಿಗಿತದಲ್ಲಿ ಎತ್ತಿದ ಕೈ. ಈಗ ವಯಸ್ಸು ನಲವತ್ತಮೂರು. ಬೆಲ್ ಹೊಡೆಸುವುದು, ಸಾಲು ನಿಲ್ಲಿಸುವುದು, ತಡವಾಗಿ ಬಂದವರನ್ನು ಗದರುವುದು, ರಜೆ ಹಾಕಿದ ಟೀಚರ ಕ್ಲಾಸಿನಲ್ಲಿ ಗಲಾಟೆ ಆಗದಂತೆ ಕೂರುವುದು. ಆಟ ಒಂದು ಬಿಟ್ಟು ಉಳಿದದ್ದೆಲ್ಲ ಅವಳ ತಲೆಗೆ. ಕೂರಲು ಕೊಟ್ಟಿದ್ದು ಮೆಟ್ಟಿಲ ಕೆಳಗಿನ ಕೋಣೆ. ಗಾಳಿ ಹೋದ ಚೆಂಡುಗಳು, ವರ್ಷಗಟ್ಟಲೆ ಬಿಚ್ಚದ ವಾಲಿಬಾಲ್ ನೆಟ್ಟು, ತೂಕದ ಮಷೀನು, ಒಂದು ಕುರ್ಚಿ. ಮೇಡಂ ಒಳ್ಳೇ ಎತ್ತರದ ಹೆಂಗಸು. ಆ ಕೋಣೆಯಲ್ಲಿ ಬಾಗಿಯೇ ನಿಲ್ಲಬೇಕು. ಬೆಲ್ ಹೊಡೆದಾಗೆಲ್ಲ ನಾನೂರು ಮಕ್ಕಳು ಅವಳ ನೆತ್ತಿಯ ಮೇಲೆ ಧಡಧಡ ಇಳಿದು ಹೋಗುತ್ತಾರೆ.

ಬಿಟ್ಟು ಬೇರೆ ಕಡೆ ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಕೇಳುವುದು ಸುಲಭ ಸ್ವಾಮಿ. ಹೆಡ್‌ಮಾಸ್ಟರು ಅವಳ ಗಂಡನ ಅಣ್ಣ. ಕೆಲಸ ಕೊಡಿಸಿದವರು ಅವರು. ಮನೆ ಒಂದೇ, ಅಡುಗೆಮನೆಯೂ ಒಂದೇ. ಶಾಲೆಯಲ್ಲಿ “ಮೇಡಂ” ಎಂದು ಹೇಳಿದ್ದನ್ನೇ ಭಾವ ಮನೆಯಲ್ಲಿ “ಏನಮ್ಮಾ” ಎಂದು ಶುರುಮಾಡಿ ಇನ್ನೊಮ್ಮೆ ಹೇಳುತ್ತಾರೆ. ಬೆಳಗ್ಗೆ ಶಾಲೆಯಲ್ಲಿ ಇವಳು ಒಂದು ಎದುರು ಮಾತಾಡಿದರೆ ಸಂಜೆ ಮನೆಯಲ್ಲಿ ಓರಗಿತ್ತಿ ಪಾತ್ರೆ ಕುಕ್ಕುತ್ತಾಳೆ. ಗಂಡ ಅಣ್ಣನ ಮುಂದೆ ಬಾಯಿ ಬಿಟ್ಟವನೇ ಅಲ್ಲ. ಹೋಗುವುದಾದರೂ ಎಲ್ಲಿಗೆ?

ಅವಳ ಸುಪರ್ದಿಯಲ್ಲಿ ಆರೋಗ್ಯದ ರಿಜಿಸ್ಟರ್ ಒಂದಿತ್ತು. ಪ್ರತಿ ವರ್ಷ ಪ್ರತಿ ಮಗುವಿನ ಎತ್ತರ, ತೂಕ ಅಳೆದು ಬರೆದು ಸಹಿ ಹಾಕಬೇಕು. ಮೊದಮೊದಲು ಶ್ರದ್ಧೆಯಿಂದಲೇ ಮಾಡಿದಳು. ಕೋಣೆಯ ಹೊರಗೋಡೆಗೆ ತಾನೇ ಬಣ್ಣದಲ್ಲಿ ಗೆರೆ ಎಳೆದು ಅಳತೆ ಬರೆದಿದ್ದಳು. ಪೀರಿಯಡ್‌ಗಳೆಲ್ಲ ಲೆಕ್ಕದ ಮೇಷ್ಟ್ರ ಪಾಲಾದ ವರ್ಷ ಇನ್‌ಸ್ಪೆಕ್ಷನ್ ತಲೆಯ ಮೇಲೆ ಬಂತು. “ಎರಡು ದಿನ ಮಕ್ಕಳನ್ನ ನನಗೆ ಬಿಡಿ ಸಾರ್, ಅಳೆದುಬಿಡ್ತೀನಿ” ಎಂದು ಕೇಳಿಕೊಂಡಳು.

ಭಾವ ಕನ್ನಡಕದ ಮೇಲಿಂದ ನೋಡಿದರು. “ಅಲ್ಲ ಮೇಡಂ, ಮಕ್ಕಳು ಬೆಳೀತಾವೆ ಅನ್ನೋದಕ್ಕೆ ಅಳತೆ ಬೇರೆ ಬೇಕಾ? ಹೋದ ವರ್ಷದ್ದಕ್ಕೆ ನಾಲ್ಕು ಕೂಡಿಸಿ ಬರೀರಿ.”

ಕೂಡಿಸಿದಳು. ಮುಂದಿನ ವರ್ಷವೂ ಕೂಡಿಸಿದಳು, ಅದರ ಮುಂದಿನ ವರ್ಷವೂ. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಒಂದು ಚಿತ್ತೂ ಇಲ್ಲದ ಪುಟಗಳನ್ನು ನೋಡಿ ತಲೆದೂಗಿದರು. ಮೊದಲ ಸಲ ಒಂದೊಂದು ಅಂಕಿಗೂ ಪೆನ್ನು ನಿಂತಿತ್ತು, ಆಮೇಲೆ ರೂಢಿಯಾಯಿತು.

ಒಂದು ಸೋಮವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕರೆದುಕೊಂಡು ಅವಳ ತಾಯಿ ಬಂದಳು. ತಾಯಿ ಬಸ್ ಕಂಡಕ್ಟರು. ಡ್ಯೂಟಿಯ ಉಡುಪಿನಲ್ಲೇ ಇದ್ದಳು. ಮಗಳನ್ನು ಇಡೀ ಶಾಲೆ ಕರೆಯುವುದು ಚೋಟು ಎಂದು. ಐದನೇ ಕ್ಲಾಸಿನವರ ಜೊತೆ ನಿಲ್ಲಿಸಿದರೂ ಬೇರೆಯೆಂದು ಗೊತ್ತಾಗದು.

“ಡಾಕ್ಟ್ರು ಹಳೇ ಎತ್ತರ ಎಲ್ಲ ಬರೆಸ್ಕೊಂಡು ಬನ್ನಿ ಅಂದಿದ್ದಾರೆ ಮೇಡಂ,” ಎಂದಳು ತಾಯಿ. “ವರ್ಷ ವರ್ಷ ಎಷ್ಟೆಷ್ಟು ಬೆಳೆದಿದ್ದಾಳೆ ಅಂತ ನೋಡಿದ್ರೇನೆ ಔಷಧಿ ಬೇಕಾ ಬೇಡ್ವಾ ಅಂತ ಹೇಳೋಕಾಗೋದಂತೆ. ಗುರುವಾರ ನಾಲ್ಕು ಗಂಟೆಗೆ ಬರೋಕೆ ಹೇಳಿದ್ದಾರೆ.”

“ಬಾ ಇಲ್ಲಿ, ನಿಂತ್ಕೊ” ಎಂದು ಮೇಡಂ ಚೋಟುವನ್ನು ಗೋಡೆಗೆ ಒರಗಿಸಿದಳು. ನೂರಾಮೂವತ್ತೆರಡು. ರಿಜಿಸ್ಟರ್ ತೆರೆದಳು. ಈ ವರ್ಷದ ಕಾಲಮ್ಮಿನಲ್ಲಿ ಅವಳದೇ ಅಕ್ಷರದಲ್ಲಿ ನೂರಾನಲವತ್ತಮೂರು ಎಂದಿತ್ತು. ಹಿಂದೆ ಹಿಂದೆ ತಿರುವಿದಳು. ನಿಜವಾಗಿ ಅಳೆದದ್ದು ಆರನೇ ಕ್ಲಾಸಿನಲ್ಲಿ, ನೂರಾಮೂವತ್ತೊಂದು. ಮೂರು ವರ್ಷಕ್ಕೆ ಹುಡುಗಿ ಬೆಳೆದದ್ದು ಒಂದೇ ಒಂದು ಸೆಂಟಿಮೀಟರು.

“ನಾಳೆ... ನಾಳೆ ಬರೆದು ಕೊಡ್ತೀನಿ” ಎಂದು ರಿಜಿಸ್ಟರ್ ಮುಚ್ಚಿದಳು.

ಹೆಡ್‌ಮಾಸ್ಟರ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದಳು. ಭಾವ ಗಾಬರಿಯಾಗಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

“ಇದಕ್ಯಾಕಮ್ಮ ಇಷ್ಟು ತಲೆ ಕೆಡಿಸ್ಕೋತೀಯ? ಬೇರೆ ಹಾಳೆ ತಗೊ. ಈ ವರ್ಷ ನೂರಾಮೂವತ್ತೆರಡು ಅಂತ ಹಾಕು, ಹಿಂದಕ್ಕೆ ಮೂರು ಮೂರು ಕಳೀತಾ ಹೋಗು. ನೂರಾಇಪ್ಪತ್ತೊಂಬತ್ತು, ಇಪ್ಪತ್ತಾರು, ಇಪ್ಪತ್ತಮೂರು. ಯಾರಿಗೆ ಗೊತ್ತಾಗತ್ತೆ?”

“ಡಾಕ್ಟ್ರು ಅದನ್ನ ನಂಬಿಬಿಡ್ತಾರೆ ಭಾವ.”

“ನಂಬ್ಲಿ ಅಂತಾನೇ ಬರೆಯೋದು.” ಆಮೇಲೆ ದನಿ ತಗ್ಗಿಸಿ, “ನಾನು ರಿಟೈರಾಗೋಕೆ ಇನ್ನು ಎಂಟು ತಿಂಗಳು. ರಿಜಿಸ್ಟರ್ ಸುಳ್ಳು ಅಂತ ಹೊರಗೆ ಹೋದ್ರೆ ನಾನೂರು ಮಕ್ಕಳ ಲೆಕ್ಕವೂ ಎದ್ದು ಕೂರತ್ತೆ. ಸಹಿ ನಿನ್ನದು ಕಣಮ್ಮಾ, ನನ್ನದಲ್ಲ” ಎಂದರು.

ಮನೆಯಲ್ಲಿ ಊಟಕ್ಕೆ ಕೂತಾಗ ವಿಷಯ ಆಗಲೇ ಎಲ್ಲರಿಗೂ ಮುಟ್ಟಿತ್ತು. ಓರಗಿತ್ತಿ ಬಡಿಸುತ್ತಾ, “ಯಾರದೋ ಮಗೂಗೋಸ್ಕರ ನಮ್ಮ ಮನೆ ಮರ್ಯಾದೆ ಬೀದಿಗೆ ತರಬೇಡ” ಎಂದಳು. ಗಂಡ ತಟ್ಟೆಯಿಂದ ತಲೆ ಎತ್ತದೆ, “ಅಣ್ಣ ಹೇಳಿದ ಹಾಗೆ ಮಾಡಿ ಮುಗಿಸಬಾರದಾ?” ಎಂದ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮಾರನೇ ದಿನ ಮೆಟ್ಟಿಲ ಕೆಳಗೆ ಕೂತು ಸೀಟಿ ಮೇಡಂ ಬರೆದೇಬಿಟ್ಟಳು. ನಾಲ್ಕು ಸಾಲು, ನಾಲ್ಕು ಅಂಕಿ, ಕೆಳಗೆ ಸಹಿ, ಮೊಹರು. ಛೆ! ಬರೆಯುವಾಗ ಪೆನ್ನು ಒಮ್ಮೆಯೂ ನಿಲ್ಲಲಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಹಾಳೆಯನ್ನು ಚೋಟುವಿನ ಕೈಲಿ ಕೊಟ್ಟು ಕಳಿಸಿದ್ದರೆ ಮುಗಿಯುತ್ತಿತ್ತು. ಕಳಿಸಲಾಗಲಿಲ್ಲ. ಗುರುವಾರ ನಾಲ್ಕಕ್ಕೆ ತಾನೇ ಆಸ್ಪತ್ರೆಗೆ ಹೋದಳು. “ಅಯ್ಯೋ, ನೀವೇ ಬಂದ್ರಾ ಮೇಡಂ! ಎಷ್ಟು ಒಳ್ಳೆಯವರು!” ಎಂದು ತಾಯಿ ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು.

ಒಳಗೆ ಡಾಕ್ಟರಮ್ಮ ಹಾಳೆಯ ಮೇಲೆ ಪೆನ್ನು ಓಡಿಸಿದರು. “ವರ್ಷಕ್ಕೆ ಮೂರು. ನಿಧಾನ, ಆದ್ರೆ ನಿಂತಿಲ್ಲ. ಕೆಲವು ಮಕ್ಕಳು ಹೀಗೇನೆ, ತಡವಾಗಿ ಬೆಳೀತಾರೆ. ಈಗಲೇ ಏನೂ ಬೇಡಮ್ಮ. ಇನ್ನೊಂದು ವರ್ಷ ನೋಡೋಣ.”

ತಾಯಿಯ ಮುಖ ಅರಳಿತು. ಮಗಳ ಬೆನ್ನ ಮೇಲೆ ಮೆಲ್ಲಗೆ ಗುದ್ದಿ, “ನೋಡಿದ್ಯಾ, ಸುಮ್ಸುಮ್ನೆ ಅಳ್ತಿದ್ದೆ” ಎಂದಳು. ಚೋಟು ನಕ್ಕಳು. ಮೂವರೂ ಏಳುವುದರಲ್ಲಿದ್ದರು.

“ಡಾಕ್ಟ್ರೇ, ಅದು ಸುಳ್ಳು” ಎಂದಳು ಸೀಟಿ ಮೇಡಂ.

ಎಲ್ಲ ಹೇಳಿದಳು. ಹಾಳೆ ಸುಳ್ಳು, ರಿಜಿಸ್ಟರೂ ಸುಳ್ಳು, ಚೋಟು ಏಳನೇ ಕ್ಲಾಸಿಗೆ ಬಂದಾಗಿನಿಂದ ಯಾರನ್ನೂ ಅಳೆದಿಲ್ಲ. ಆರನೇ ಕ್ಲಾಸಿನ ನೂರಾಮೂವತ್ತೊಂದು ಒಂದೇ ನಿಜ. ಡಾಕ್ಟರಮ್ಮ ಹಾಳೆಯನ್ನು ಪಕ್ಕಕ್ಕೆ ತಳ್ಳಿ, ರಕ್ತಪರೀಕ್ಷೆಗೆ, ಕೈಮೂಳೆಯ ಎಕ್ಸ್‌ರೇಗೆ ಬರೆದರು.

“ಮೂಳೆಯ ಬೆಳೆಯೋ ತುದಿ ಇನ್ನೂ ಕೂಡಿಲ್ಲ ಅಂದ್ರೆ ಔಷಧಿ ಸ್ವಲ್ಪ ಕೆಲಸ ಮಾಡಬಹುದು. ಎರಡು ವರ್ಷ ಮೊದಲೇ ಬಂದಿದ್ರೆ ತುಂಬಾ ಮಾಡಬಹುದಿತ್ತು,” ಎಂದರು. “ಯಾಕಮ್ಮ, ತಾಯಿಯಾಗಿ ನಿಮಗೂ ಗೊತ್ತಾಗಲಿಲ್ವಾ?”

ಮೇಡಂ ನೆಲ ನೋಡುತ್ತಿದ್ದಳು. ಹೇಳಿಬಿಟ್ಟರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ತಾಯಿ ಕೂಗಾಡಲಿ, ಕೈ ಎತ್ತಲಿ, ಶಾಲೆಗೆ ಬಂದು ರಂಪ ಮಾಡಲಿ, ಎಲ್ಲಕ್ಕೂ ತಯಾರಾಗಿದ್ದಳು.

ತಾಯಿ ಕೂಗಾಡಲಿಲ್ಲ.

“ಗೊತ್ತಾಗಿತ್ತು ಡಾಕ್ಟ್ರೇ,” ಎಂದಳು. “ಏಳನೇ ಕ್ಲಾಸಲ್ಲೇ ಗೊತ್ತಾಗಿತ್ತು. ಬೆಳೆಯೋ ಮಗು ಅಂತ ಯೂನಿಫಾರಂ ಒಳಗೆ ಮಡಿಚಿ ಹೊಲಿಸಿದ್ದೆ, ವರ್ಷ ಆದ್ರೂ ಬಿಚ್ಚೋ ಹಾಗೇ ಆಗಲಿಲ್ಲ. ಭಯ ಆಯ್ತು. ಅವತ್ತು ಡ್ಯೂಟಿಗೆ ರಜ ಹಾಕಿ ಸ್ಕೂಲಿಗೆ ಹೋದೆ. ಇವರ ಹತ್ರಾನೇ.” ಆಮೇಲೆ ಮೇಡಂ ಕಡೆ ತಿರುಗಿದಳು. “ನೀವು ಮೆಟ್ಟಿಲ ಕೆಳಗೆ ಕೂತಿದ್ರಿ. ರಿಜಿಸ್ಟರ್ ತೆಗೆದು ತೋರಿಸಿದ್ರಿ. ನಾಲ್ಕು ಸೆಂಟಿಮೀಟರ್ ಬೆಳೆದಿದ್ದಾಳಲ್ಲಮ್ಮ, ನೆಮ್ಮದಿಯಾಗಿ ಮನೆಗೆ ಹೋಗಿ ಅಂದ್ರಿ. ನಾನು ನೆಮ್ಮದಿಯಾಗಿ ಮನೆಗೆ ಹೋದೆ ಮೇಡಂ. ನಿಮಗೆ ನೆನಪಿಲ್ವಾ?”

ಸೀಟಿ ಮೇಡಂ ಎಷ್ಟು ಯೋಚಿಸಿದರೂ ಅವಳಿಗೆ ಅದು ನೆನಪಿಗೆ ಬರಲಿಲ್ಲ.