ನಾಯಿ ಎದ್ದದ್ದನ್ನು ಬರೆದುಕೊಂಡೆ

ಎದೆನೋವಿನಿಂದ ಬೆವರುತ್ತಿದ್ದ ಒಬ್ಬ ಮನುಷ್ಯನನ್ನು ನಾನು ಒಂದು ಭಾನುವಾರ ಬೆಳಿಗ್ಗೆ ಇಪ್ಪತ್ತೆರಡು ನಿಮಿಷ ಕುರ್ಚಿಯಿಂದ ಏಳಗೊಡಲಿಲ್ಲ. ಅದು ಎದೆನೋವೆಂದು ನನಗೆ ಗೊತ್ತಿರಲಿಲ್ಲ ಎನ್ನಬಹುದು. ಆ ವಾದವನ್ನು ನಾನೇ ಎಷ್ಟೋ ಸಲ ಹೂಡಿ, ನಾನೇ ಎಷ್ಟೋ ಸಲ ಕಡಿದುಹಾಕಿದ್ದೇನೆ. ಗೊತ್ತಿರಲಿಲ್ಲ, ಖರೆ. ಆದರೆ ನೋಡಿದ್ದೆ. ನೋಡಿದ್ದಕ್ಕೆ ನನ್ನದೇ ಕೈಬರಹದ ಸಾಕ್ಷಿ ಇದೆ.

ಗದಗ ಜಿಲ್ಲೆಯಾಗಿ ಆಗಿನ್ನೂ ಬಹಳ ದಿನ ಆಗಿರಲಿಲ್ಲ. ಅಂಗಡಿಗಳ ಬೋರ್ಡಿನ ಮೇಲಿದ್ದ 'ಧಾರವಾಡ ಜಿಲ್ಲೆ' ಎಂಬುದನ್ನು ಕೆಲವರು ಅಳಿಸಿ ಹೊಸದನ್ನು ಬರೆಸಿದ್ದರು, ಕೆಲವರು ಬರೀ ಅಳಿಸಿ ಬಿಟ್ಟಿದ್ದರು. ಬೆಟಗೇರಿಯ ಚಾಚಾನ ಸೈಕಲ್ ಅಂಗಡಿ ಬರೀ ಅಳಿಸಿದವರ ಪೈಕಿ. ಯಾಕೆ ಬರೆಸಿಲ್ಲ ಎಂದು ಕೇಳಿದರೆ ಚಾಚಾ, "ಸೈಕಲ್ ಪಂಕ್ಚರ್ ಆದಾಂವ ಜಿಲ್ಲೆ ಓದಕೋತ ನಿಂದ್ರತಾನೇನೋ ತಮ್ಮಾ" ಎನ್ನುತ್ತಿದ್ದ.

ಆ ಅಂಗಡಿಯಲ್ಲಿ ಒಂದು ಟೀವಿ ಇತ್ತು. ಪೂರ್ವದ ದೇಶಗಳಲ್ಲಿ ಕ್ರಿಕೆಟ್ ನಡೆದರೆ ನಮಗೆ ಬೆಳಗಿನ ಜಾವಕ್ಕೇ ಆಟ ಸುರು. ಭಾನುವಾರ ನಾವು ನಾಲ್ವರು ಅಲ್ಲಿ ಸೇರುತ್ತಿದ್ದೆವು. ಚಾಚಾ. ಹಿರೇಹಂದಿಗೋಳದಿಂದ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬಂದು ಬೆಟಗೇರಿಯ ಮನೆಗಳಿಗೆ ಹಾಲು ಹಾಕಿ, ಖಾಲಿ ಕ್ಯಾನಿನೊಂದಿಗೆ ಕೂರುತ್ತಿದ್ದ ನನ್ನ ಶಾಲೆಯ ಗೆಳೆಯ. ನಮ್ಮಿಬ್ಬರಿಗೂ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾಗಿದ್ದ ಮಾಸ್ತರರು. ಮತ್ತು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದು ಗೆದ್ದು, ಚಹಾ ಕುಡಿಯುವಾಗಲೂ ಎದುರು ಪಕ್ಷ ಹುಡುಕುತ್ತಿದ್ದ ನಾನು. ನನಗೆ ಚರ್ಚೆ ಕಲಿಸಿದವರು ಈ ಮಾಸ್ತರರೇ. ಮೇಜು ಕುಟ್ಟಬೇಡ, ಎದುರಿನವನ ಗಟ್ಟಿ ಮಾತನ್ನೇ ಮೊದಲು ಹಿಡಿ ಎಂದು ಹೇಳಿಕೊಟ್ಟವರು.

ಐದನೆಯದು ನಾಯಿ. ಕರಿಯ ಬಣ್ಣದ, ಒಂದು ಕಿವಿ ಮಡಚಿದ ಬೀದಿನಾಯಿ. ಅದಕ್ಕೆ ಖಾಯಂ ಹೆಸರಿರಲಿಲ್ಲ. ಆ ವಾರ ನಮ್ಮ ತಂಡದಲ್ಲಿ ಯಾರು ಚೆನ್ನಾಗಿ ಆಡಿದ್ದರೋ ಅವರ ಹೆಸರಿನಿಂದ ಕರೆಯುತ್ತಿದ್ದೆವು. ಪಂಕ್ಚರ್ ನೋಡುವ ನೀರಿನ ಬೋಗುಣಿಯ ಪಕ್ಕ ಮಲಗುತ್ತಿತ್ತು. ಮಾಸ್ತರರ ಜೇಬಿನಲ್ಲಿ ಅದಕ್ಕೆಂದೇ ಬಿಸ್ಕೀಟಿನ ಪುಡಿಕೆ ಇರುತ್ತಿತ್ತು.

ನಾಯಿ ಮತ್ತು ಆಟ, ಎರಡೇ ನಮ್ಮ ಮಾತು. ಗೆಳೆಯನ ಮನೆಯಲ್ಲಿ ಮೊಲ ಅಟ್ಟುವ ಸಣಕಲು ನಾಯಿಯೊಂದಿತ್ತು, ಅದರ ಬಡಾಯಿ ಪ್ರತಿ ವಾರ ಕೇಳಬೇಕು.

"ನಮ್ಮ ನಾಯಿನ ಬೌಂಡ್ರಿ ಲೈನಿಗೆ ನಿಂದರಸ್ರಿ. ಒಂದು ಫೋರ್ ಹೋದ್ರ ನಾ ಮೀಸಿ ಬೋಳಿಸ್ತೇನಿ."

"ಬಾಲ್ ಹಿಡೀತೈತಿ, ಒಪ್ಪಿದೆ" ಎಂದೆ ನಾನು. "ಹಿಡದದ್ದು ಕೊಡತೈತೇನು?"

"ಅದು ಕೊಡೂದಿಲ್ಲ."

"ಹಂಗಾರ ಬ್ಯಾಟ್ಸ್‌ಮನ್ ಸಂಜಿತನಕ ಓಡಿ ರನ್ ತಗೋತಾನ. ನಿನ್ನ ನಾಯಿಯಿಂದನ ಮ್ಯಾಚ್ ಹೋಗತೈತಿ."

"ನಾಯಿ ಬಿಡ್ರಿ" ಎಂದ ಚಾಚಾ. "ಬಿಂಕದಕಟ್ಟಿ ಝೂದಾಗಿಂದ ಒಂದು ಚಿರತಿ ತರೂನು. ಫಾಸ್ಟ್ ಬೌಲಿಂಗ್‌ಗೆ."

ಮಾಸ್ತರರು ಚಷ್ಮಾ ಒರೆಸುತ್ತಾ, "ಅದು ಔಟ್ ಕೇಳಿದಾಗ ಇಲ್ಲ ಅನ್ನಾಕ ಅಂಪೈರ್ ಯಾರ ಬರ್ತಾರಪಾ?" ಎಂದು ಕೇಳಿದರು.

ಇಷ್ಟೆಲ್ಲ ನಕ್ಕರೂ ಅಂಗಡಿಯಲ್ಲಿ ಒಂದು ಕಾನೂನಿತ್ತು. ನಮ್ಮವರ ಜೋಡಿ ನಿಂತು ಆಡುತ್ತಿರುವಾಗ ಕೂತವರು ಏಳುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಎದ್ದರೆ ವಿಕೆಟ್ ಬೀಳುತ್ತದೆ. ಚಾಚಾ ಇದನ್ನು ನಂಬಿದ್ದ, ಗೆಳೆಯ ಚಾಚಾನಿಗಿಂತ ಹೆಚ್ಚು ನಂಬಿದ್ದ. ನನಗೆ ಮೈ ಉರಿಯುತ್ತಿತ್ತು.

"ಅಲ್ಲಿ ಸಮುದ್ರದ ಆಚೆ ಬಾಲ್ ಒಗಿಯಾಂವಗ ಇಲ್ಲಿ ಬೆಟಗೇರಿಯೊಳಗ ನೀ ಎದ್ದದ್ದು ಹೆಂಗಲೇ ಗೊತ್ತಾಗತೈತಿ?"

"ಹೆಂಗ ಅಂತ ನಮಗ್ಯಾಕ ಬೇಕು? ಆಗತೈತಿಲ್ಲೋ?"

ಪ್ರತಿ ಸಲ ವಿಕೆಟ್ ಬಿದ್ದಾಗ ಯಾರಾದರೊಬ್ಬರು ಅಲುಗಾಡಿಯೇ ಇರುತ್ತಿದ್ದರು. ಇರದೇ ಏನು? ನಾಲ್ಕು ಜನ ಐದು ನಿಮಿಷ ಕದಲದೇ ಕೂತಿರುವುದುಂಟೇ? ಹಾಗಾಗಿ ಅವರ ಮಾತು ಎಂದೂ ಸುಳ್ಳಾಗುತ್ತಿರಲಿಲ್ಲ. ಅದನ್ನು ಸುಳ್ಳಾಗಿಸಲು ಒಂದೇ ದಾರಿಯಿತ್ತು: ಯಾರೂ ಏಳದಿರುವಾಗ ಒಂದು ವಿಕೆಟ್ ಬೀಳಬೇಕು, ಅದಕ್ಕೆ ಬರಹದ ದಾಖಲೆ ಇರಬೇಕು. ಮುಂದಿನ ಭಾನುವಾರ ಪ್ರಯೋಗ ಮಾಡೋಣ ಎಂದೆ. ಚಹಾ, ಕಾಲ್ಮಡಿ ಎಲ್ಲ ಮೊದಲೇ ಮುಗಿಸಿ ಕೂರುವುದು; ಜೋಡಿ ಮುರಿಯುವ ತನಕ ಯಾರೂ ಏಳಬಾರದು; ಅಂಗಡಿಯ ಗಡಿಯಾರ ನೋಡಿ ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮಾಸ್ತರರು ತೀರ್ಪುಗಾರರು.

"ನಾಯಿದು ಏನ್ರಿ ಮತ್ತ?" ಎಂದ ಚಾಚಾ. "ಅದೂ ನಮ್ಮ ಕೂಡ ಕುಂಡ್ರತೈತಿ."

"ಅದರ ಟೀಮ್ ಯಾವುದಂತ ಯಾರಿಗೆ ಗೊತ್ತು" ಎಂದ ಗೆಳೆಯ.

ಮಾಸ್ತರರು ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು: "ನಾಯಿದ್ದು ಬರಕೊ. ಲೆಕ್ಕಕ್ಕ ಹಿಡಿಬ್ಯಾಡ."

ಆ ಭಾನುವಾರ ಥಂಡಿ ಇತ್ತು. ಚಾಚಾ ಮಫ್ಲರ್ ಬಿಚ್ಚಿರಲಿಲ್ಲ. ಮಾಸ್ತರರು ತಡವಾಗಿ ಬಂದರು, ಮಡಚುವ ಕಬ್ಬಿಣದ ಕುರ್ಚಿಯಲ್ಲಿ ಕೂತರು, ಚಹಾ ಅರ್ಧಕ್ಕೆ ಬಿಟ್ಟರು. ನಮ್ಮವರ ಎರಡು ವಿಕೆಟ್ ಬೇಗ ಹೋಗಿ ಮೂರನೆಯ ಜೋಡಿ ನಿಂತಾಗ ಏಳೂ ನಲವತ್ತು. ನಾನು ಕೈ ಎತ್ತಿ, "ಸುರು ಆತು. ಇನ್ನ ಯಾರೂ ಏಳಂಗಿಲ್ಲ" ಎಂದೆ.

ಆ ದಿನ ಆ ಕಾನೂನನ್ನು ನನ್ನಷ್ಟು ಬಿಗಿಯಾಗಿ ಅದನ್ನು ನಂಬಿದವರೂ ನಡೆಸಿರಲಿಕ್ಕಿಲ್ಲ.

ಏಳೂ ನಲವತ್ತೆಂಟಕ್ಕೆ ಮಾಸ್ತರರು ಟವೆಲಿನಿಂದ ಹಣೆ ಒರೆಸಿಕೊಂಡು, "ಒಂದೀಟು ಹೊರಗ ಗಾಳಿಗೆ ಹೋಗಿ ಬರ್ಲೇನು?" ಎಂದರು.

"ಸರ್, ಜೋಡಿ ಮುರೀಲಿ. ನೀವ ಎದ್ರ ಮತ್ತ ಇವ್ರ ಬಾಯಿ ಯಾರು ಹಿಡೀಬೇಕು?"

"ಹೋಗ್ಲಿ ಬಿಡೋ ತಮ್ಮಾ" ಎಂದ ಚಾಚಾ. "ಹಿರ್ಯಾರು ಅದಾರ."

"ಬಿಡ್ತೇನಿ ಚಾಚಾ. ಇನ್ಮ್ಯಾಲೆ ಎದ್ದದ್ದಕ್ಕ ವಿಕೆಟ್ ಬಿತ್ತು ಅಂತ ಅನ್ನೂದಿಲ್ಲಂತ ಬರದು ಕೊಡ್ರಿ."

ಚಾಚಾ ಬರೆದುಕೊಡಲಿಲ್ಲ. ಮಾಸ್ತರರು ಅಂಗೈ ಎತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿದರು. "ಆತು, ಕುಂಡ್ರತೇನಿ. ಪ್ರಯೋಗ ಕೆಡಬಾರದು."

ನಾನು ಬರೆದೆ: '7-48. ಮಾಸ್ತರ್ ಬೆವರು ಒರೆಸಿ ಗಾಳಿಗೆ ಏಳಲು ಹೋದರು. ಏಳಲಿಲ್ಲ.' ಐದು ನಿಮಿಷದ ಮೇಲೆ: 'ಎಡಗೈ ತಿಕ್ಕಿಕೊಂಡರು. ಜಾಗ ಬಿಟ್ಟಿಲ್ಲ.'

ಎಂಟೂ ಎರಡಕ್ಕೆ ನಾಯಿ ಎದ್ದಿತು. ಟೀವಿಯ ಮುಂದಿನಿಂದಲೇ ಹಾದು ಕುರ್ಚಿಯ ಕಡೆ ಹೋಯಿತು. "ನಾಯಿ ಎದ್ದೈತಿ, ಹೋತು ನೋಡ್ರಿ ವಿಕೆಟ್" ಎಂದು ಗೆಳೆಯ ಕಣ್ಣು ಮುಚ್ಚಿದ. ಮುಂದಿನ ಚೆಂಡು ಬೌಂಡರಿಗೆ ಹೋಯಿತು.

ನನಗಾದ ಖುಷಿಯನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. 'ನಾಯಿ ಎದ್ದಿತು. ಮುಂದಿನ ಚೆಂಡಿಗೆ ನಾಲ್ಕು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

"ಏನಂತೀರಿ ಈಗ? ಎದ್ರ ವಿಕೆಟ್ ಬೀಳತೈತಿ ಅಂದ್ರಿ. ಎದ್ದೈತಿ, ಅಡ್ಡಾಡೈತಿ, ಫೋರ್ ಹೋಗೈತಿ."

"ನಾಯಿ ಲೆಕ್ಕಕ್ಕಿಲ್ಲ ಅಂತ ಮಾಸ್ತರ್ರ ತೀರ್ಪು ಕೊಟ್ಟಾರಲ್ಲೋ" ಎಂದ ಗೆಳೆಯ.

"ತೀರ್ಪು ತಿರುವಿ ನೋಡಾಕ ಬರತೈತಿ. ಸರ್, ನೀವ ಹೇಳ್ರಿ." ನಾನು ಅವರ ಕಡೆ ತಿರುಗಿದೆ. ಅವರ ಮುಖ ಸುಣ್ಣದಂತಾಗಿತ್ತು. ಅವರು ಕೈ ಎತ್ತಲು ಹೋಗಿ ತೊಡೆಯ ಮೇಲೆ ಬಿಟ್ಟರು. ಅದನ್ನು ನಾನು ನನ್ನ ಪರವಾದ ತೀರ್ಪು ಎಂದು ತಿಳಿದೆ. ತಿಳಿದು, ಚಾಚಾನ ಕಡೆ ತಿರುಗಿ ವಾದ ಮುಂದುವರಿಸಿದೆ. ಇನ್ನೂ ಎಂಟು ನಿಮಿಷ.

ಆಮೇಲೆ ಕುರ್ಚಿಯ ಕಾಲು ಫರಸಿಯ ಮೇಲೆ ಕಿರ್ರೆಂದಿತು. ತಿರುಗಿದಾಗ ಮಾಸ್ತರರು ಒಂದು ಪಕ್ಕಕ್ಕೆ ಜಾರಿದ್ದರು. ಚಾಚಾ ಬೋಗುಣಿ ದಾಟಿ ಹಾರಿ ಅವರ ತಲೆ ಹಿಡಿದುಕೊಂಡ. ಗೆಳೆಯ ರಸ್ತೆಗೆ ಓಡಿ ಆಟೋಗೆ ಅಡ್ಡ ನಿಂತ. ನಾನು ನೋಟ್‌ಬುಕ್ ಕೈಯಲ್ಲಿ ಹಿಡಿದು ನಿಂತಿದ್ದೆ. ನನ್ನನ್ನು ಆಟೋದೊಳಗೆ ದಬ್ಬಿದ್ದು ಯಾರೋ ನೆನಪಿಲ್ಲ. ಆ ಹೊತ್ತಿಗೆ ವಿಕೆಟ್ ಬಿದ್ದಿತ್ತೋ ಇಲ್ಲವೋ ನಮ್ಮಲ್ಲಿ ಯಾರಿಗೂ ಇವತ್ತಿಗೂ ಗೊತ್ತಿಲ್ಲ. ಮರುದಿನದ ಪೇಪರಿನಲ್ಲಿ ನೋಡಬಹುದಿತ್ತು. ನೋಡಲಿಲ್ಲ.

ಗದಗಿನ ದೊಡ್ಡ ದವಾಖಾನೆಯಲ್ಲಿ ವಯಸ್ಸಿನಲ್ಲಿ ಸಣ್ಣವರಾದ ಲೇಡಿ ಡಾಕ್ಟರೊಬ್ಬರು ಹಾರ್ಟ್ ಅಟ್ಯಾಕ್ ಎಂದರು. ಮಾಸ್ತರರನ್ನು ಒಳಗೆ ಮಲಗಿಸಿ, ಕೊಡಬೇಕಾದ್ದನ್ನು ಕೊಟ್ಟು, ಹೊರಗೆ ಬಂದು ಕೇಳಿದರು: "ಯಾವಾಗ ಸುರು ಆತ್ರಿ? ಸರಿಯಾಗಿ ನೆನಪು ಮಾಡಿ ಹೇಳ್ರಿ."

ಚಾಚಾ, ಗೆಳೆಯ ಒಬ್ಬರ ಮುಖ ಒಬ್ಬರು ನೋಡಿದರು. ನಾನು ನೋಟ್‌ಬುಕ್ ತೆರೆದು ಓದಿದೆ. ಏಳೂ ನಲವತ್ತೆಂಟು, ಬೆವರು, ಗಾಳಿಗೆ ಹೋಗಬೇಕೆಂದರು. ಏಳೂ ಐವತ್ಮೂರು, ಎಡಗೈ. ಎಂಟೂ ಎರಡು, ನಾಯಿ. ನಾಯಿಗೆ ಬಂದಾಗ ನೋಟ್‌ಬುಕ್ ಮುಚ್ಚಹೋದೆ.

ಡಾಕ್ಟರ್ ನೋಟ್‌ಬುಕ್ ತಗೊಂಡು ತಾವೇ ನೋಡಿದರು. ಎರಡು ಗೆರೆ ಎಳೆದ ಸಾಲನ್ನೂ ನೋಡಿದರು. "ಇಷ್ಟ ಚೊಕ್ಕ ಬರಕೊಂಡೀರಿ. ಆವಾಗ ಯಾಕ ಕರಕೊಂಡು ಬರಲಿಲ್ಲ?"

ಯಾವ ಪಕ್ಷ ಕೊಟ್ಟರೂ ಎದ್ದು ನಿಂತು ಐದು ನಿಮಿಷ ಮಾತಾಡಬಲ್ಲವನು ನಾನು. ಅವತ್ತು ನೋಟ್‌ಬುಕ್ ವಾಪಸು ಇಸಿದುಕೊಂಡು ಬಾಕಿನ ಮೇಲೆ ಕೂತುಬಿಟ್ಟೆ.

ಬಡಿದದ್ದು ಅಷ್ಟೇ ಆಗಿದ್ದರೆ ತಾಳಿಕೊಳ್ಳಬಹುದಿತ್ತು. ಮಾಸ್ತರರ ಹೆಂಡತಿ ಬಂದು ನಮ್ಮ ಪಕ್ಕದ ಬಾಕಿನ ಮೇಲೆ ಕೂತರು. ಅತ್ತಿರಲಿಲ್ಲ. ನನ್ನ ಕಡೆ ನೋಡಿ ಸಾವಕಾಶ ಹೇಳಿದರು: "ಮುಂಜಾನೆನ ಎದಿ ಹಿಡದಂಗ ಆಗೇತಿ ಅಂದಿದ್ರಪಾ. ಹೋಗಬ್ಯಾಡ್ರಿ ಅಂದೆ. ಹುಡುಗಂದು ಪ್ರಯೋಗ ಐತಿ, ನಾ ಹೋಗ್ಲಿಲ್ಲಂದ್ರ ಅವಂದು ನಡಿಯೂದಿಲ್ಲ ಅಂತ ಬಂದ್ರು. ನಡೀತೇನು ಚಲೋತ್ನ್ಯಾಗ?"

ಅವರು ಚುಚ್ಚಿ ಕೇಳಲಿಲ್ಲ. ಸುಮ್ಮನೆ ಕೇಳಿದರು. ಅದಕ್ಕೇ ಇವತ್ತಿಗೂ ಆ ದವಾಖಾನೆಯ ಮುಂದೆ ಬಸ್ಸು ಹಾದರೆ ನಾನು ಇನ್ನೊಂದು ಕಿಟಕಿಯ ಕಡೆ ನೋಡುತ್ತೇನೆ.

ಹುಬ್ಬಳ್ಳಿಗೆ ಒಯ್ದರು, ಹದಿನೈದು ದಿನದ ಮೇಲೆ ಮಾಸ್ತರರು ಮನೆಗೆ ಬಂದರು. ಬೈಸಿಕೊಳ್ಳಲೆಂದೇ ಹೋದೆ. ಬೈಯಲಿ ಎಂದು ಎಷ್ಟು ಆಸೆಪಟ್ಟಿದ್ದೆನೋ. ಮಂಚದ ಮೇಲೆ ಒರಗಿದ್ದ ಅವರು, "ಕಡೀಕ ನಿನ್ನ ಪ್ರಯೋಗ ಕೆಡಿಸಿದೆ ನೋಡು ನಾನು" ಎಂದರು.

"ನಾಯಿ ಮೊದಲ ಎದ್ದಿತ್ರಿ ಸರ್."

"ಖರೇನ? ಹಂಗಾರ ಕೆಟ್ಟದ್ದು ನನ್ನಿಂದಲ್ಲ." ಅವರ ಮುಖದಲ್ಲಿ ನಿಜವಾದ ಸಮಾಧಾನ ಕಾಣಿಸಿತು.

ನಾಯಿ ಯಾಕೆ ಎದ್ದಿತು ಎಂಬುದರ ಮೇಲೆ ಅಂಗಡಿಯಲ್ಲಿ ಎರಡು ಪಕ್ಷವಾಗಿತ್ತು. ಮಾಸ್ತರರಿಗೆ ಏನಾಗುತ್ತಿದೆಯೆಂದು ನಾಯಿಗೆ ಮುಂಚೆಯೇ ತಿಳಿದಿತ್ತು ಎನ್ನುವುದು ಚಾಚಾನ ಪಕ್ಷ. ನಾವು ಆಟೋ ಹತ್ತಿದ ಮೇಲೆ ಅದು ಕುರ್ಚಿಯ ಕೆಳಗೆ ಬಿಸ್ಕೀಟು ತಿನ್ನುತ್ತಿದ್ದುದನ್ನು, ಅಂಗಡಿಯ ಬಾಗಿಲು ಹಾಕಿ ಹಿಂದಿನಿಂದ ಸೈಕಲ್ಲಿನಲ್ಲಿ ದವಾಖಾನೆಗೆ ಬಂದ ಗೆಳೆಯ ನೋಡಿದ್ದ. ಅವನದು ಬಿಸ್ಕೀಟಿನ ಪಕ್ಷ. ಮಾಸ್ತರರ ಕೈಯಿಂದ ಪುಡಿಕೆ ಜಾರಿ ಬಿದ್ದಿತ್ತಂತೆ. ಸಂದೇಹವಾದಿಯಾದ ನಾನು ಬಿಸ್ಕೀಟಿನ ಪಕ್ಷವೇ. ಆದರೆ ಅದರಿಂದ ನನಗೇನೂ ಪಾರಾಗುವ ದಾರಿ ಸಿಗಲಿಲ್ಲ. ನಾಯಿ ಬಿಸ್ಕೀಟಿಗೇ ಹೋಗಿರಲಿ. ಅದು ಹೋದ ಕಡೆ ಒಂದು ಸಲ ಕಣ್ಣು ಹಾಯಿಸಿದ್ದರೆ, ಆ ಕೈಯಿಂದ ಪುಡಿಕೆ ಬಿದ್ದದ್ದು ಯಾಕೆ ಎಂದು ಕೇಳಬಹುದಿತ್ತು. ನನಗೆ ನಾಯಿ ಎದ್ದದ್ದಷ್ಟೇ ಬೇಕಾಗಿತ್ತು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಮಾಸ್ತರರು ಮತ್ತೆ ಅಂಗಡಿಗೆ ಬಂದರು. ಚಾಚಾ ಕಬ್ಬಿಣದ ಕುರ್ಚಿಯನ್ನು ಬಾಗಿಲ ಹತ್ತಿರ, ಗಾಳಿ ಬರುವ ಕಡೆ ಹಾಕಿದ್ದ. ಕಾನೂನಿಗೆ ತಿದ್ದುಪಡಿಯಾಗಿತ್ತು: ಮಾಸ್ತರರು ಬೇಕಾದಾಗ ಏಳಬಹುದು, ಅವರು ಎದ್ದರೆ ವಿಕೆಟ್ ಬೀಳುವುದಿಲ್ಲ. ಅವರು ಎರಡು ಸಲ ಎದ್ದರು, ವಿಕೆಟ್ ಬೀಳಲಿಲ್ಲ. ಕಾನೂನು ತನ್ನನ್ನು ತಾನು ಎಷ್ಟು ಚೆಂದ ಕಾಪಾಡಿಕೊಂಡಿತು ಎಂದು ಹೇಳುವ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಅಲ್ಲೇ ಇಟ್ಟುಕೊಂಡೆ.

"ಹೊರಗ ಹೋಗ್ತೀರೇನ್ರಿ ಸರ್?"

"ಇಲ್ಲ."

ಒಂದು ಓವರ್ ಬಿಟ್ಟು, "ನೀರು ಕೊಡ್ಲೇನ್ರಿ?"

"ಮ್ಯಾಚ್ ನೋಡಾಕ ಬಿಡಲೇ" ಎಂದರು.

ಆದರೆ ನನಗೆ ಟೀವಿ ನೋಡಲಾಗಲಿಲ್ಲ. ಅವರ ಹಣೆ ಒಣಗಿದೆಯೋ ಇಲ್ಲವೋ, ಎಡಗೈ ಎಲ್ಲಿದೆ, ಉಸಿರು ಹೇಗಿದೆ, ಅದನ್ನೇ ನೋಡುತ್ತಾ ಕೂತೆ. ನಮ್ಮವರ ಜೋಡಿ ಗಟ್ಟಿಯಾಗಿ ನಿಂತಿತ್ತು. ನಾಯಿ ಬೋಗುಣಿ ಬಿಟ್ಟು ಕುರ್ಚಿಯ ಕೆಳಗೆ ಮಲಗಿತ್ತು. ಯಾರೂ ಅಲುಗಾಡಿರಲಿಲ್ಲ. ವಿಕೆಟ್ ಬಿತ್ತು.

ನನಗೆ ಬೇಕಿದ್ದ ವಿಕೆಟ್ ಅದೇ. ಎಲ್ಲರೂ ಕೂತಿರುವಾಗ ಬಿದ್ದದ್ದು, ನಾಯಿಯೂ ಮಲಗಿರುವಾಗ ಬಿದ್ದದ್ದು. ಗೆಳೆಯ ಕಾರಣ ಹುಡುಕುತ್ತಾ ಸುತ್ತ ನೋಡಿದ. ಅವನ ಕಣ್ಣು ನನ್ನ ಮೇಲೆ ನಿಂತಿತು.

"ಇಂವಾ ನೋಡ್ರಿ. ಟೀವಿ ಬಿಟ್ಟು ಮಾಸ್ತರ್ರ ಮಾರಿ ನೋಡಕೋತ ಕುಂತಾನ. ಇಂವನಿಂದನ ಬಿತ್ತು."

ಚಾಚಾ ನನ್ನ ಉತ್ತರಕ್ಕೆ ತಯಾರಾಗಿ ಮಫ್ಲರ್ ಸರಿಪಡಿಸಿಕೊಂಡ. ಮಾಸ್ತರರೂ ಚಷ್ಮಾ ತೆಗೆದು ನನ್ನನ್ನು ನೋಡಿದರು.

"ಹೌದು" ಎಂದೆ. "ನನ್ನಿಂದನ ಬಿತ್ತು."

ಗೆಳೆಯ ನನ್ನ ಹಣೆ ಮುಟ್ಟಿ, ಜ್ವರ ಗಿರ ಬಂದಿದೆಯೇನೋ ಎಂದು ನೋಡಿದ.