ಟಕಟಕ ಸಾಹೇಬರು

ಸಾಲ ಕೊಟ್ಟ ಬ್ಯಾಂಕು ಅಂಗಡಿಗಳ ದಾಸ್ತಾನು ನೋಡಿಬರಲು ಕಳಿಸುವ ಆಡಿಟರಿಗೆ ವ್ಯಾಪಾರಿಗಳು ಇಟ್ಟ ಹೆಸರು ಟಕಟಕ ಸಾಹೇಬರು. ಅವರು ಕಣ್ಣನ್ನು ನಂಬುವುದಿಲ್ಲ. ಡಬ್ಬ ಕಂಡರೆ ಬೆರಳು ಮಡಚಿ ಕುಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೇ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಮನೆಯಲ್ಲೂ ಅದೇ ಚಾಳಿ: ಬಿಸ್ಕತ್ತಿನ ಡಬ್ಬಿ, ಗ್ಯಾಸ್ ಸಿಲಿಂಡರ್, ನೀರಿನ ಟ್ಯಾಂಕ್ ಯಾವುದನ್ನೂ ಬಿಟ್ಟಿಲ್ಲ, ಭಾವಮೈದುನನ ಬೋಳುತಲೆಯೊಂದು ಮಾತ್ರ ಹೆಂಡತಿಯ ದೆಸೆಯಿಂದ ಬಚಾವಾಗಿದೆ. ಮೊನ್ನೆ ಬಣ್ಣದಂಗಡಿಯವನು "ಎಲ್ಲಾ ತುಂಬಿದ ಡಬ್ಬಾನೇ ಸಾರ್, ಮೊದಲು ಕಾಫಿ ತಗೊಳ್ಳಿ" ಅನ್ನುತ್ತಿದ್ದಂತೆಯೇ ಸಾಹೇಬರು ನೇರವಾಗಿ ಗೋಡೆಗಂಟಿದ ಕೊನೆಯ ಸಾಲಿಗೆ ಹೋಗಿ ಕುಟ್ಟಿದರು. ಡಬ್ಬಗಳು ಒಂದಾದ ಮೇಲೊಂದು ಢಣಢಣ ಎಂದವು. ಅಂಗಡಿಯವನ ಮುಖ ಹುಳ್ಳಗಾಯಿತು. "ಅಲ್ಲೇ ಖಾಲಿ ಇರುತ್ತೆ ಅಂತ ಹೇಗೆ ಗೊತ್ತಾಯ್ತು ಸಾರ್?" "ನಂದೂ ಒಂದು ಅಂಗಡಿ ಇತ್ತಪ್ಪಾ," ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಾ ಅಂದರು, "ಖಾಲಿ ಡಬ್ಬ ನಾನೂ ಅಲ್ಲೇ ಇಡ್ತಿದ್ದೆ."